ಹಿಮಕುಸಿತದ ಬಗ್ಗೆ ಗೈಡ್ ಸರ್‌ಗೆ ಕೇಳಿ

ಅಡ್ಮಿನ್, ಹುಬ್ಬಳ್ಳಿ-ಧಾರವಾಡ ಚಾರಣ ಗುಂಪು: ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಟವರು ಇಲ್ಲಿ ಕೇಳಿ. ಧಾರವಾಡದ ನಮ್ಮ ಗೈಡ್ ಸರ್ ಉತ್ತರ ಕೊಡುತ್ತಾರೆ.

ವಿದ್ಯಾನಗರ: ಸರ್ ನಮಸ್ಕಾರ. ಕೇದಾರಕಂಠಕ್ಕೆ ಯಾವ ಶೂ ತಗೊಳ್ಳಲಿ?

ಗೈಡ್: ನಮಸ್ಕಾರ. ನೀರು ಒಳಗೆ ಬಾರದ, ಕಣಕಾಲು ಮುಚ್ಚುವಂಥದ್ದು. ಊರಲ್ಲೇ ಹಾಕಿಕೊಂಡು ಪಳಗಿಸಿ.

ರಾಣೆಬೆನ್ನೂರು: ಹತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ ಸರ್?

ಗದಗ: ಸರ್, ನಾವು ನಾಲ್ಕು ಜನ ಈಗ ಉತ್ತರಾಖಂಡದಲ್ಲಿದ್ದೇವೆ. ಗೈಡ್ ಇಲ್ಲ, ಮೊಬೈಲಲ್ಲಿ ಟ್ರ್ಯಾಕ್ ಇದೆ. ಎರಡು ದಿನ ಮೊಣಕಾಲಷ್ಟು ಹಿಮ ಬಿತ್ತು. ಇವತ್ತು ನಿಂತಿದೆ, ಆಕಾಶ ಸ್ವಚ್ಛ. ನಾಳೆ ಒಂದು ಇಳಿಜಾರನ್ನು ಅಡ್ಡ ದಾಟಬೇಕು. ಸೇಫ್ ಅಲ್ವಾ?

ಗೈಡ್: ಅಲ್ಲ. ಇಳಿಜಾರು ಎಷ್ಟು ಡಿಗ್ರಿ? ಮೇಲಿನ ರಿಡ್ಜ್‌ನಿಂದ ಗಾಳಿ ಹಿಮ ಹಾರಿಸುತ್ತಿದೆಯಾ? ನಡೆಯುವಾಗ ಕಾಲ ಕೆಳಗೆ ‘ಧಪ್’ ಅಂತ ಸದ್ದು ಬಂತಾ?

ಗದಗ: ಫೋನಲ್ಲಿ ಅಳೆದೆ, 36. ಗಾಳಿ ಜೋರಾಗಿದೆ, ಹಿಮ ಹಾರುತ್ತಿದೆ. ಧಪ್ ಅಂತ ಎರಡು ಸಲ ಬಂತು. ಹಿಮ ಗಟ್ಟಿಯಾಗುತ್ತಿದೆ ಅಂದುಕೊಂಡೆವು.

ಗೈಡ್: ತಮ್ಮಾ, ಆ ಸದ್ದಿಗೇ ನನಗೆ ಭಯ. ಒಳಗಿನ ಬಲವಿಲ್ಲದ ಪದರ ಕುಸಿದಾಗ ಅದು ಕೇಳಿಸುತ್ತದೆ. ಚಳಿಗಾಲದ ಶುರುವಿಗೆ ತೆಳ್ಳಗೆ ಬಿದ್ದ ಹಿಮ, ಮೋಡವಿಲ್ಲದ ಕೊರೆಯುವ ರಾತ್ರಿಗಳಲ್ಲಿ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಅದರ ಮೇಲೆ ಈಗ ಹೊಸ ಹಿಮ, ಸಾಲದ್ದಕ್ಕೆ ಗಾಳಿ ತಂದು ಒಟ್ಟಿದ ಗಟ್ಟಿ ಪದರ. ಉದುರು ರವೆಯ ಮೇಲೆ ಹಾಸುಗಲ್ಲು ಇಟ್ಟ ಹಾಗೆ. ಇಂಥ ಪದರ ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿಯಲ್ಲಿ. ನಿಮ್ಮದು 36! ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ತಾವೇ ಅಥವಾ ಜೊತೆಯವರೇ ತುಳಿದು ಜಾರಿಸಿದ ಹಿಮದಲ್ಲೇ ಸಿಗುತ್ತಾರೆ. ಆಕಾಶ ನೋಡಿ ಮೋಸ ಹೋಗಬೇಡಿ. ಹಿಮ ನಿಂತ ಮೇಲಿನ ಒಂದೆರಡು ದಿನ ತುಂಬಾ ಕೆಟ್ಟವು. ಒಳಗೆ ಹರಳಿದ್ದರೆ ಅಪಾಯ ವಾರಗಟ್ಟಲೆ ಉಳಿಯುತ್ತದೆ. ಹಿಮಕುಸಿತದ ಮೇಲೆ ಕಣ್ಣಿಡುವ ಚಂಡೀಗಢದ ಸರ್ಕಾರಿ ಸಂಸ್ಥೆ ಡಿಜಿಆರ್‌ಇ ಮುನ್ಸೂಚನೆ ನೋಡಿ, ಆದರೆ ಅದು ಇಡೀ ಪ್ರದೇಶಕ್ಕೆ ಹೇಳಿದ್ದು, ನಿಮ್ಮ ಇಳಿಜಾರಿಗಲ್ಲ. ಹೂತವರ ಜಾಗ ತೋರಿಸುವ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ ನಾಲ್ವರ ಹತ್ತಿರವೂ ಇವೆಯಾ?

ಗದಗ: ಸಲಿಕೆ ಒಂದಿದೆ ಸರ್.

ನವನಗರ: ಬಂದದ್ದನ್ನು ಹಾಗೇ ಹಾಕುತ್ತಿದ್ದೇನೆ. “ಹಿಮದಲ್ಲಿ ಹೂತರೆ ಉಗುಳಿ ನೋಡಿ, ಉಗುಳು ಇಳಿಯುವುದರ ಎದುರು ದಿಕ್ಕಿಗೆ ಅಗೆಯಿರಿ. ಕರ್ಪೂರ ಮೂಸಿದರೆ ಉಸಿರು ಸಲೀಸು. ಬೆಟ್ಟದಲ್ಲಿ ಕೂಗಬೇಡಿ, ಹಿಮ ಕುಸಿಯುತ್ತದೆ. ಎಲ್ಲರಿಗೂ ಕಳಿಸಿ.”

ಗೈಡ್: ಯಾರಿಗೂ ಕಳಿಸಬೇಡಿ. ಕೂಗಿಗೆ ಹಿಮ ಕುಸಿಯುವುದಿಲ್ಲ, ತೂಕಕ್ಕೆ ಕುಸಿಯುತ್ತದೆ. ಜಾರಿದ ಹಿಮ ನಿಂತ ಕೂಡಲೇ ಬಿಗಿದುಕೊಳ್ಳುತ್ತದೆ. ಕೈಯೇ ಆಡದಿದ್ದಾಗ ಅಗೆಯುವುದೆಲ್ಲಿ? ಜೊತೆಯವರು 15 ನಿಮಿಷದೊಳಗೆ ತೆಗೆದರೆ ಬದುಕುವವರೇ ಜಾಸ್ತಿ. 35 ನಿಮಿಷ ದಾಟಿದರೆ ಕೆಲವೇ ಜನ. ಕರ್ಪೂರ ದೇವರ ಮುಂದೆ ಹಚ್ಚಿ.

ಕುಂದಗೋಳ: ಹಾಗೆ ಹೇಳಬೇಡಿ ಸರ್. 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿರಲಿಲ್ಲವೇ?

ನವನಗರ: ಅದನ್ನೇ ನಾನೂ ಹೇಳುವುದು. ಮನೋಬಲ ಬೇಕು.

ಕೇಶ್ವಾಪುರ: ಸುಮ್ನೆ ಯೋಧರನ್ನು ನಿಮ್ಮ ಫಾರ್ವರ್ಡ್‌ಗೆ ಎಳೆಯಬೇಡಿ.

ಕುಂದಗೋಳ: ಯಾರ್ರೀ ಎಳೆದದ್ದು? ನಮ್ಮ ತಾಲೂಕಿನವರ ಹೆಸರು ನಾವು ಹೇಳಬಾರದಾ?

ಗೈಡ್: ಹೇಳಿ, ಪೂರ್ತಿ ಹೇಳಿ. ಜೊತೆಗಿದ್ದ ಒಂಬತ್ತು ಯೋಧರು ಅಲ್ಲೇ ತೀರಿಕೊಂಡರು. ಹನುಮಂತಪ್ಪನವರೂ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಿದ್ಯಾನಗರ: ಸರ್, ಶೂ ಯಾವ ಕಂಪನಿಯದು?

ಗೈಡ್: ಮೇಲೆ ಓದಿ.

ಕೇಶ್ವಾಪುರ: ಏನೇ ಅನ್ನಿ, ಹೆದರಿಸಿದರೆ ತಾನೇ ಗೈಡ್‌ಗಳಿಗೆ ಗಿರಾಕಿ.

ಗೈಡ್: 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕ್ಕೆ ಸಿಕ್ಕಿದ್ದು ಉತ್ತರಕಾಶಿಯ ಪರ್ವತಾರೋಹಣ ತರಬೇತಿ ತಂಡ. 29 ಜನ ತೀರಿಕೊಂಡರು. ಅದರಲ್ಲಿ ಕಲಿಸುವವರೂ ಇದ್ದರು. ನಿಮಗೆ ಇನ್ನು ಉತ್ತರಿಸುವುದಿಲ್ಲ.

ರಾಣೆಬೆನ್ನೂರು: ಸರ್, ಮಗಳ ವಿಷಯ?

ಗದಗ: ಸರ್, ಬೆಳಗಿನ ಜಾವ ಹೊರಟರೆ ಹಿಮ ಗಟ್ಟಿ ಇರುತ್ತದೆ, ದಾಟೋಣ ಅನ್ನುತ್ತಿದ್ದಾರೆ ಇವರು.

ಗೈಡ್: ಅದು ಬೇಸಿಗೆ ಹತ್ತಿರದ ಒದ್ದೆ ಹಿಮದ ಮಾತು. ಒಳಗಿನ ಹರಳು ಬೆಳಗಿನ ಜಾವಕ್ಕೆ ಗಟ್ಟಿಯಾಗುವುದಿಲ್ಲ. ಬಂದ ದಾರಿಯ ಮೇಲ್ಗಡೆ ಕಡಿದಾದ ಇಳಿಜಾರು ಇಲ್ಲದಿದ್ದರೆ ಮಾತ್ರ ಹಿಂದಕ್ಕೆ ಇಳಿಯಿರಿ. ಇದ್ದರೆ ಸಮತಟ್ಟು ಜಾಗದಲ್ಲೇ ಇರಿ, ಅಲ್ಲಾಡಬೇಡಿ. ದಾಟೋಣ ಅನ್ನುವವರ ಕೈಗೆ ಫೋನ್ ಕೊಡಿ, ಈಗಲೇ ಮಾಡುತ್ತಿದ್ದೇನೆ.