ಏಸಸ್ ರೀಜನ್‌ನಲ್ಲಿ ಸೆಕ್ರೆಟರಿ ಎಲೆಕ್ಷನ್‌ಗೆ ನಿಲ್ಲೋದಾ ಬೇಡ್ವಾ? ಅನುಭವ ಇದ್ದೋರು ಹೇಳಿ

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವಳು, ಈಗ ಓಹಾಯೋದಲ್ಲಿ ಒಂದು ಯೂನಿವರ್ಸಿಟೀಲಿ ಕೌನ್ಸೆಲರ್ ಎಜುಕೇಶನ್ ಅಸಿಸ್ಟೆಂಟ್ ಪ್ರೊಫೆಸರ್, ಇದು ನಾಲ್ಕನೇ ವರ್ಷ. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ಮುಂದೆ ಕೌನ್ಸೆಲರ್ ಆಗೋರಿಗೆ ಪಾಠ ಹೇಳೋದು, ಅವರು ಕ್ಲೈಂಟ್ ಜೊತೆ ಮಾತಾಡಿದ ಟೇಪ್ ಕೇಳಿ ತಿದ್ದೋದು, ಇದು ನಮ್ ಕೆಲಸ. ಈ ಕೆಲಸ ಮಾಡೋರ ಸಂಘ ಏಸಸ್, ಅಂದ್ರೆ ಅಸೋಸಿಯೇಷನ್ ಫಾರ್ ಕೌನ್ಸೆಲರ್ ಎಜುಕೇಶನ್ ಅಂಡ್ ಸೂಪರ್‌ವಿಷನ್. ನಮ್ದು ನಾರ್ತ್ ಸೆಂಟ್ರಲ್ ರೀಜನ್.

ಹೋದ ವಾರ ನನ್ನ ಪಿಎಚ್‌ಡಿ ಗೈಡ್ ಫೋನ್ ಮಾಡಿ, ರೀಜನ್ ಸೆಕ್ರೆಟರಿ ಪೋಸ್ಟ್‌ಗೆ ನಿನ್ನ ಹೆಸರು ನಾಮಿನೇಟ್ ಮಾಡ್ತೀನಿ, ಹೂಂ ಅನ್ನು ಅಂದ್ರು. ಆಗ ಏನೂ ಹೇಳಕ್ಕಾಗ್ಲಿಲ್ಲ, ಒಂದು ವಾರ ಟೈಮ್ ಕೇಳಿದೀನಿ. ನಾನು ಇಲ್ಲಿವರೆಗೂ ಮಾಡಿರೋದು ಅಂದ್ರೆ ಕಾನ್ಫರೆನ್ಸ್ ಪ್ರೊಪೋಸಲ್‌ಗಳನ್ನ ಎರಡು ಸಲ ರಿವ್ಯೂ ಮಾಡಿದ್ದು, ಅಷ್ಟೇ. ಟೆನ್ಯೂರ್ (ಕೆಲಸ ಖಾಯಂ ಆಗೋದು) ಫೈಲ್ ಕೊಡಕ್ಕೆ ಇನ್ನು ಒಂದೂವರೆ ವರ್ಷ ಇದೆ, ಎರಡು ಪೇಪರ್ ಅರ್ಧಕ್ಕೆ ನಿಂತಿದೆ, ಮಗಳು ಈ ವರ್ಷ ಕಿಂಡರ್‌ಗಾರ್ಟನ್, ನಾನಿನ್ನೂ ಎಚ್ 1 ಬಿ ಮೇಲಿದೀನಿ. ಜೊತೆಗೆ ಆ ಮೀಟಿಂಗ್‌ಗಳಲ್ಲಿ ನಮ್ಮ ಕಡೆಯೋರ ಮುಖ ನಾನು ನೋಡಿರೋದೇ ಕಮ್ಮಿ.

ಆದ್ರೆ ಬೇಡ ಅನ್ನೋಕ್ಕೂ ಮನಸ್ಸು ಬರ್ತಿಲ್ಲ, ಅದಕ್ಕೆ ಕಾರಣ ಇದೆ. ಹೋದ ಸೆಮಿಸ್ಟರ್ ಬೇರೆ ದೇಶದಿಂದ ಬಂದಿರೋ ನನ್ನ ಸ್ಟೂಡೆಂಟ್ ಒಬ್ಬಳ ಪ್ರ್ಯಾಕ್ಟಿಕಮ್ (ಕ್ಲೈಂಟ್ ಜೊತೆ ಮಾಡೋ ಮೊದಲ ತರಬೇತಿ) ಫಾರ್ಮ್ ಬಂತು, ಸೈಟ್ ಸೂಪರ್‌ವೈಸರ್, ಅಂದ್ರೆ ಅವಳು ತರಬೇತಿ ಮಾಡೋ ಜಾಗದಲ್ಲಿ ಅವಳ ಕೆಲಸ ನೋಡ್ಕೊಳೋರು, ಬರೆದಿದ್ದು ಒಂದೇ ಸಾಲು, ಇವಳ ಉಚ್ಚಾರಣೆ ಕ್ಲೈಂಟ್‌ಗಳಿಗೆ ಅರ್ಥ ಆಗಲ್ಲ ಅಂತ. ನಾನು ಕೂತು ಅವಳ ಟೇಪ್‌ಗಳನ್ನ ಕೇಳಿದೆ. ಮಗನ್ನ ಕಳ್ಕೊಂಡ ಒಬ್ಬ ತಾಯಿ ಆರು ವಾರ ಒಂದೂ ತಪ್ಪಿಸದೆ ಇವಳ ಹತ್ರ ಬಂದಿದಾರೆ, ಮೂರನೇ ಟೇಪಲ್ಲಿ ಆ ತಾಯಿ ಸುಮಾರು ಹೊತ್ತು ಸುಮ್ನೆ ಇದ್ದು ಆಮೇಲೆ ಮಾತು ಶುರು ಮಾಡ್ತಾರೆ, ಅಷ್ಟೂ ಹೊತ್ತು ಇವಳು ಮಧ್ಯ ಬಾಯಿ ಹಾಕದೆ ಕಾದಿದಾಳೆ. ಅರ್ಥ ಆಗದೇ ಇದ್ರೆ ಆ ತಾಯಿ ಮತ್ತೆ ಮತ್ತೆ ಯಾಕೆ ಬರ್ತಿದ್ರು? ಫಾರ್ಮ್‌ನಲ್ಲಿ ಇದ್ಯಾವುದೂ ಇಲ್ಲ. ಇಂಥದ್ದು ನನ್ನ ಒಬ್ಬಳ ಕ್ಲಾಸಲ್ಲಿ ಸರಿ ಮಾಡೋದಲ್ಲ, ಸೈಟ್ ಸೂಪರ್‌ವೈಸರ್‌ಗಳಿಗೆ ಟ್ರೇನಿಂಗ್ ಕೊಡೋ ಮಟ್ಟದಲ್ಲೇ ಏನಾದ್ರೂ ಆಗ್ಬೇಕು ಅನ್ನಿಸ್ತಿದೆ. ಅದಕ್ಕೆ ಸೆಕ್ರೆಟರಿ ಆಗೋದು ದಾರಿನಾ ಅಥವಾ ಸುಮ್ನೆ ಮಿನಿಟ್ಸ್ (ಸಭೆ ನಡಾವಳಿ) ಬರ್ಕೊಂಡು ಕೂರೋದಾ? ನಿಜವಾಗ್ಲೂ ಗೊತ್ತಿಲ್ಲ, ಅದಕ್ಕೇ ಕೇಳ್ತಿದೀನಿ.

ಹಳೇಮೇಷ್ಟ್ರು:

ತಂಗೀ, ಓದಿ ಸಂತೋಷ ಆಯ್ತು, ಆ ಟೇಪ್ ವಿಷಯ ಮನಸ್ಸಲ್ಲೇ ಉಳೀತು. ನಾನು ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷ, ಇದೇ ಫೀಲ್ಡು, ಬೇರೆ ರೀಜನ್. ಸೆಕ್ರೆಟರಿ ಕೆಲಸ ಮಾಡಿದೀನಿ, ಆಮೇಲೆ ಪ್ರೆಸಿಡೆಂಟ್ ಸರಣಿನೂ ಮುಗಿಸಿದೀನಿ.

ಮೊದಲು ಸಂಘ ಎಂಥದ್ದು ಅಂತ ತಿಳ್ಕೊಳಿ. ಗೈಡೆನ್ಸ್ ಸೂಪರ್‌ವೈಸರ್‌ಗಳ ಸಂಘ ಅಂತ ಶುರುವಾಗಿದ್ದು, 1952ರಲ್ಲಿ ಈಗಿನ ಎಸಿಎ (ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್) ಹುಟ್ಟಿದಾಗ ಅದನ್ನ ಕಟ್ಟಿದ ನಾಲ್ಕು ಸಂಘಗಳಲ್ಲಿ ಇದೂ ಒಂದು, ಏಸಸ್ ಅನ್ನೋ ಹೆಸರು ಬಂದಿದ್ದು 1961ರಲ್ಲಿ. 1973ರಲ್ಲಿ ಕೌನ್ಸೆಲರ್‌ಗಳ ತರಬೇತಿ ಹೆಂಗಿರ್ಬೇಕು ಅನ್ನೋ ಸ್ಟ್ಯಾಂಡರ್ಡ್ಸ್ ಒಪ್ಕೊಂಡಿದ್ದು ಈ ಸಂಘನೇ, ಆ ದಾರೀಲೇ 1981ರಲ್ಲಿ ಕೇಕ್ರೆಪ್, ಅಂದ್ರೆ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ, ಬಂತು. ಇವತ್ತು ನಿಮ್ಮ ಸ್ಟೂಡೆಂಟ್ 100 ಗಂಟೆ ಪ್ರ್ಯಾಕ್ಟಿಕಮ್, ಅದ್ರಲ್ಲಿ 40 ಗಂಟೆ ನೇರ ಕ್ಲೈಂಟ್ ಜೊತೆ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್ ಅಂತ ಲೆಕ್ಕ ಇಡ್ತಾಳಲ್ಲ, ಇಂಥ ಲೆಕ್ಕ ಎಲ್ಲ ಹೀಗೆ ಸಂಬಳ ಇಲ್ಲದೆ ಕೂತು ಕೆಲಸ ಮಾಡಿದ ಮೇಷ್ಟ್ರುಗಳಿಂದಲೇ ಬಂದಿದ್ದು. 2011ರ ಬೆಸ್ಟ್ ಪ್ರ್ಯಾಕ್ಟಿಸಸ್ ಇನ್ ಕ್ಲಿನಿಕಲ್ ಸೂಪರ್‌ವಿಷನ್ ಗೊತ್ತಲ್ಲ, ಅದೂ ಏಸಸ್‌ನಿಂದಲೇ ಹೊರಬಂದಿದ್ದು. ನೀವು ಹೇಳ್ತಿರೋ ಕೆಲಸಕ್ಕೆ ಜಾಗ ಇದೇನೇ.

ಮಿನಿಟ್ಸ್ ಬರೆಯೋದು ಸಣ್ಣ ಕೆಲಸ ಅಂದ್ಕೋಬೇಡಿ. ಮೀಟಿಂಗ್‌ನಲ್ಲಿ ಅರ್ಧ ಗಂಟೆ ಎಲ್ರೂ ಮಾತಾಡ್ತಾರೆ, ಆಮೇಲೆ ಒಬ್ರು ಹಾಗಾದ್ರೆ ವೋಟ್ ಮಾಡೋಣ ಅಂತಾರೆ. ಆವಾಗ ಸೆಕ್ರೆಟರಿ ಕೈ ಎತ್ತಿ, ಮೋಷನ್ (ವೋಟ್‌ಗೆ ಹಾಕೋ ನಿರ್ಣಯ) ಏನು ಅಂತ ಒಂದು ಸಲ ಓದ್ತೀನಿ, ಸರೀನಾ ನೋಡಿ ಅಂದು ಓದ್ಬೇಕು. ನೂರಕ್ಕೆ ತೊಂಬತ್ತು ಸಲ ಅಲ್ಲೇ ಗೊತ್ತಾಗುತ್ತೆ ಒಬ್ಬೊಬ್ರ ತಲೇಲಿ ಒಂದೊಂದು ಇತ್ತು ಅಂತ. ನಾನು ಮೊದಲನೇ ವರ್ಷ ಒಂದು ಕಮಿಟಿ ಮೋಷನ್‌ನಲ್ಲಿ "ಸಲಹೆ ಕೊಡೋದು" ಅಂತ ಇದ್ದಿದ್ದನ್ನ ಓದಿ ಹೇಳಿದಾಗ ಒಬ್ಬ ಹಿರಿಯ ಮೇಡಂ, ಇಲ್ಲ ನಾವು ಒಪ್ಪಿದ್ದು "ತಯಾರು ಮಾಡಿ ಮುಂದಿನ ಸಭೆಗೆ ತರೋದು" ಅಂದ್ರು, ಆ ಒಂದು ಮಾತಿಂದ ಆ ಕೆಲಸ ನಿಜವಾಗ್ಲೂ ನಡೀತು. ಮೋಷನ್ ಏನು, ತಂದೋರ್ಯಾರು, ಅನುಮೋದಿಸಿದೋರ್ಯಾರು, ವೋಟ್ ಎಷ್ಟು, ಮುಂದೆ ಯಾರು ಏನು ಮಾಡ್ಬೇಕು, ಇಷ್ಟು ಬರೆದು ವಾರದೊಳಗೆ ಕಳಿಸಿದ್ರೆ ನಿಮ್ಮ ಮೇಲೆ ಎಲ್ರಿಗೂ ನಂಬಿಕೆ ಬರುತ್ತೆ.

ಇನ್ನೊಂದು, ಪ್ರೆಸಿಡೆಂಟ್ ಎಲೆಕ್ಟ್‌ಗೆ ಮಾತ್ರ ಈಗಲೇ ಹೂಂ ಅನ್ನಬೇಡಿ. ಅದು ಎಲೆಕ್ಟ್ ಒಂದು ವರ್ಷ, ಪ್ರೆಸಿಡೆಂಟ್ ಒಂದು ವರ್ಷ, ಪಾಸ್ಟ್ ಪ್ರೆಸಿಡೆಂಟ್ ಒಂದು ವರ್ಷ, ಮೂರು ವರ್ಷ ಮನೆ ಮಠ ಮರೀಬೇಕು. ಟೆನ್ಯೂರ್ ಆದ್ಮೇಲೆ ನೋಡಿ.

ಕಾಫಿಪುಡಿ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ವಿಷಯದಲ್ಲಿ ಮಾತ್ರ ನನ್ನ ಸಹಮತ ಇಲ್ಲ, ಕ್ಷಮಿಸಿ ಸರ್. ಸೆಕ್ರೆಟರಿನೂ ಟೆನ್ಯೂರ್‌ಗೆ ಮುಂಚೆ ಹಗುರ ಅಲ್ಲ. ನಮ್ಮಲ್ಲಿ ಟೆನ್ಯೂರ್ ಕಮಿಟಿ ಸರ್ವಿಸ್ ಕಾಲಮ್ ನೋಡಿ ಚೆನ್ನಾಗಿದೆ ಅಂತ ತಲೆ ಆಡಿಸ್ತಾರೆ, ಆಮೇಲೆ ಪಬ್ಲಿಕೇಶನ್ ಎಷ್ಟು ಅಂತ ಎಣಿಸ್ತಾರೆ. ನನ್ನ ಜೊತೆ ಸೇರಿದ ಗೆಳತಿ ಒಬ್ಬಳು ಮೂರು ಕಮಿಟಿ, ಸಂಘದಲ್ಲಿ ಒಂದು ಹುದ್ದೆ ಅಂತ ಓಡಾಡಿ ಕೊನೇಲಿ ಒಂದು ವರ್ಷ ಎಕ್ಸ್‌ಟೆನ್ಷನ್ ಕೇಳ್ಬೇಕಾಯ್ತು, ಅವಳು ಅತ್ತಿದ್ದು ನಾನು ನೋಡಿದೀನಿ. ಹಾಗಾಗಿ ಅಕ್ಕ, ನಾಮಿನೇಶನ್‌ಗೆ ಉತ್ತರ ಕೊಡೋ ಮುಂಚೆ ನಿಮ್ಮ ಚೇರ್ (ಡಿಪಾರ್ಟ್‌ಮೆಂಟ್ ಮುಖ್ಯಸ್ಥರು) ಹತ್ರ ಕೂತು ಮಾತಾಡಿ. ಶುಭಾಶಯ ಬೇಡ, ಬೇರೆ ಯಾವ ಕಮಿಟಿ ಕೆಲಸ ಇಳಿಸ್ತೀರಾ, ಒಂದು ಕೋರ್ಸ್ ಕಮ್ಮಿ ಮಾಡ್ತೀರಾ, ಓಡಾಟದ ಖರ್ಚು ಯಾರ್ದು ಅಂತ ಕೇಳಿ, ಉತ್ತರ ಇಮೇಲಲ್ಲಿ ತಗೊಳ್ಳಿ. ಬಾಯಿಮಾತು ನಂಬ್ಕೊಂಡ್ರೆ ಚೇರ್ ಬದಲಾದ ದಿನ ಎಲ್ಲಾ ಹೋಗುತ್ತೆ.

ನಿಲ್ಲೋದಾದ್ರೆ ಸ್ಟೇಟ್‌ಮೆಂಟ್ (ವೋಟ್ ಹಾಕೋರಿಗೆ ನಾವು ಬರೆಯೋ ಟಿಪ್ಪಣಿ) ಬಗ್ಗೆ ಹೇಳ್ತೀನಿ, ಯಾಕಂದ್ರೆ ನಾನು ಮೊದಲ ಸಲ ನಿಂತು ಸೋತಿದೀನಿ. ಆವಾಗ ಬರೆದಿದ್ದು ನನ್ನ ಸಿವಿ, ಇಷ್ಟು ವರ್ಷ ಇಷ್ಟು ಪೇಪರ್ ಇಂಥ ಅವಾರ್ಡು ಅಂತ. ಎದುರಿಗೆ ನಿಂತೋರು ಬರೆದಿದ್ದು ಒಂದೇ ವಿಷಯ, ಕಾನ್ಫರೆನ್ಸ್‌ಗೆ ಮೊದಲ ಸಲ ಬರೋ ಸ್ಟೂಡೆಂಟ್‌ಗಳಿಗೆ ಒಬ್ಬೊಬ್ಬ ಹಿರಿಯರನ್ನ ಜೊತೆ ಮಾಡ್ತೀನಿ ಅಂತ. ಅವರು ಗೆದ್ರು, ಹೇಳಿದ್ದನ್ನ ಮಾಡಿದ್ರು ಕೂಡ. ಎರಡು ವರ್ಷ ಆದ್ಮೇಲೆ ನಾನು ಮತ್ತೆ ನಿಂತೆ, ಈ ಸಲ ಒಂದು ಕೆಲಸ ಹೆಸರು ಹಿಡಿದು ಬರೆದೆ, ಗೆದ್ದೆ. ಈ ಎಲೆಕ್ಷನ್‌ಗಳಲ್ಲಿ ವೋಟ್ ಹಾಕೋರು ಸ್ವಲ್ಪ ಜನ, ಹಾಕೋರು ಓದಿ ಹಾಕ್ತಾರೆ. ನೀವು ಇಲ್ಲಿ ಬರೆದಿದೀರಲ್ಲ, ಆ ತಾಯಿ ಆರು ವಾರ ಬಂದಿದ್ದು ಫಾರ್ಮ್‌ನಲ್ಲಿ ಇರ್ಲಿಲ್ಲ ಅಂತ, ಅಲ್ಲಿಂದ ಶುರು ಮಾಡಿ (ಗುರುತು ಸಿಗೋದೆಲ್ಲ ತೆಗೆದು, ಆ ಸ್ಟೂಡೆಂಟ್‌ನ ಕೇಳಿ ಆದ್ಮೇಲೆ). ಇಂಗ್ಲಿಷ್ ಬಗ್ಗೆ ಚಿಂತೆ ಬೇಡ, ಉಚ್ಚಾರಣೆ ಬಗ್ಗೆ ಇರೋ ಇಂಥ ಮಾತನ್ನ ಎತ್ತೋಕೆ ನಿಮಗಿಂತ ಸರಿಯಾದೋರು ಬೇಕಾ?

ಕಬಿನಿ:

ನಾನು ಬರೀ ದುಡ್ಡಿನ ಕಡೆ ಮಾತಾಡ್ತೀನಿ. ಒಂದು ರಾಜ್ಯದ ಕೌನ್ಸೆಲಿಂಗ್ ಸಂಘದಲ್ಲಿ ಟ್ರೆಷರರ್ ಆಗಿದ್ದೆ, ಅದಕ್ಕೂ ಮುಂಚೆ ನಮ್ಮೂರ ಕನ್ನಡ ಕೂಟದ ಖಜಾಂಚಿ, ಎರಡೂ ಕಡೆ ರಾತ್ರಿ ಹನ್ನೊಂದಕ್ಕೆ ರಸೀದಿ ಹುಡುಕೋದು ಒಂದೇ ಥರ. ಸೆಕ್ರೆಟರಿ ಆದ್ರೂ ಬೋರ್ಡ್ ಮೆಂಬರೇ, ವೋಟ್ ನಿಮ್ದೂ ಇರುತ್ತೆ, ಅದಕ್ಕೇ ಹೇಳ್ತಿರೋದು ಹೋಟೆಲ್ ಕಾಂಟ್ರ್ಯಾಕ್ಟ್ ಓದದೆ ಕೈ ಎತ್ತಬೇಡಿ. ಕಾನ್ಫರೆನ್ಸ್‌ಗೆ ಇಷ್ಟು ರೂಮ್ ತುಂಬಿಸ್ತೀವಿ ಅಂತ ಸಂಘ ಒಪ್ಕೊಂಡಿರುತ್ತೆ, ತುಂಬದಿದ್ರೆ ಆ ದುಡ್ಡು ಸಂಘನೇ ಕಟ್ಬೇಕು. ಜನ ಕಮ್ಮಿ ರೇಟ್ ಸಿಕ್ತು ಅಂತ ಪಕ್ಕದ ಹೋಟೆಲ್‌ಗೆ ಹೋಗ್ತಾರೆ. ನಮ್ಮಲ್ಲಿ ಒಂದು ವರ್ಷ ಹಂಗೇ ಆಗಿ, ಸ್ಟೂಡೆಂಟ್ ಸ್ಕಾಲರ್‌ಶಿಪ್‌ಗೆ ಇಟ್ಟಿದ್ದ ದುಡ್ಡಿಂದ ತೆಗೆದು ಕಟ್ಟಿದ್ವಿ. ಆ ಮೀಟಿಂಗಲ್ಲಿ ನಾನೇ ಹೂಂ ಅಂದಿದ್ದೆ, ಆ ವರ್ಷ ಸ್ಕಾಲರ್‌ಶಿಪ್ ಸಿಗದೇ ಇದ್ದ ಹುಡುಗರ ಅರ್ಜಿಗಳು ಈಗ್ಲೂ ಕಣ್ಮುಂದೆ ಬರುತ್ತೆ.

ಏಸಸ್‌ದು ದೊಡ್ಡ ಕಾನ್ಫರೆನ್ಸ್ ಬೆಸ ವರ್ಷ, ರೀಜನ್‌ಗಳದ್ದು ಸಮ ವರ್ಷ. ಹಾಗಾಗಿ ನಿಮ್ಮ ಅವಧಿಯಲ್ಲಿ ರೀಜನ್ ಕಾನ್ಫರೆನ್ಸ್ ಬರುತ್ತಾ ನೋಡ್ಕೊಳಿ, ಬಂದ್ರೆ ಕೆಲಸ ಡಬಲ್. ಅಧಿಕಾರ ಶುರುವಾಗೋದು ಜುಲೈ 1ಕ್ಕೆ, ಅಂದ್ರೆ ಬೇಸಿಗೇಲಿ ಪೇಪರ್ ಬರೀತೀನಿ ಅಂದ್ಕೊಂಡಿದ್ರೆ ಅದರ ಲೆಕ್ಕನೂ ಈಗಲೇ ಹಾಕಿ. ರೀಜನ್ ಬೈಲಾಸ್ (ಸಂಘದ ನಿಯಮಾವಳಿ) ತರಿಸ್ಕೊಂಡು ನಿಮ್ಮ ಪೋಸ್ಟ್ ಎಷ್ಟು ವರ್ಷ ಅಂತ ಓದಿ, ಫೋನಲ್ಲಿ ಹೇಳಿದ್ದನ್ನ ಹಿಡ್ಕೋಬೇಡಿ.

ವೀಸಾ ಬಗ್ಗೆ: ಇದು ಸಂಬಳ ಇಲ್ಲದ ಹುದ್ದೆ, ಆದ್ರೂ ನಿಮ್ಮ ಇಂಟರ್‌ನ್ಯಾಷನಲ್ ಆಫೀಸ್‌ಗೆ ಒಂದು ಇಮೇಲ್ ಹಾಕಿ ಉತ್ತರ ಇಟ್ಕೊಳಿ, ಮುಖ್ಯವಾಗಿ ಏನಾದ್ರೂ ಗೌರವಧನ ಕೊಡ್ತಾರಾ ಅಂತ ಕೇಳ್ಕೊಂಡು.

ಕೊನೇಬೆಂಚು:

ನಾನು ಇನ್ನೂ ಡಾಕ್ಟರಲ್ ಸ್ಟೂಡೆಂಟ್, ಹಿರಿಯರ ಮಧ್ಯ ಮಾತಾಡ್ತಿದೀನಿ. ಅಕ್ಕ ದಯವಿಟ್ಟು ನಿಲ್ಲಿ. ನಾನು ಮೊದಲ ಸಲ ಕಾನ್ಫರೆನ್ಸ್‌ಗೆ ಹೋದಾಗ ಬಿಸಿನೆಸ್ ಮೀಟಿಂಗ್ ಬಾಗಿಲ ಹತ್ರ ನಿಂತು, ಇದು ನಮಗಲ್ಲ ಅಂದ್ಕೊಂಡು ವಾಪಸ್ ಬಂದೆ. ಒಳಗೆ ಹೋಗ್ಬಹುದು ಅಂತ ಹೇಳೋರೂ ಇರ್ಲಿಲ್ಲ. ಮೇಜಿನ ಆ ಕಡೆ ನಮ್ಮ ಥರದೋರು ಒಬ್ರು ಕೂತಿದ್ರೆ ಖಂಡಿತ ಒಳಗೆ ಹೋಗ್ತಿದ್ದೆ.

ಬನಶಂಕರಿ2ನೇಹಂತ:

ನಾನು ಬೆಂಗಳೂರಲ್ಲಿ ಕೌನ್ಸೆಲಿಂಗ್ ಎಂಎಸ್‌ಸಿ ಮಕ್ಕಳಿಗೆ ಪಾಠ ಮಾಡ್ತೀನಿ. ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ 1992ರ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ಕಾಯ್ದೆ ಇದೆ, ಕೌನ್ಸೆಲರ್ ಅನ್ನೋ ಹೆಸರು ಈಗ 2021ರ ಅಲೈಡ್ ಹೆಲ್ತ್ ಕಾಯ್ದೆ ಪಟ್ಟಿಯಲ್ಲಿ ಬಂದಿದೆ. ಎಷ್ಟು ಗಂಟೆ ಸೂಪರ್‌ವಿಷನ್ ಬೇಕು, ಸೂಪರ್‌ವೈಸರ್ ಆಗೋರಿಗೆ ಏನು ಗೊತ್ತಿರ್ಬೇಕು ಅನ್ನೋ ಮಾತು ನಮ್ಮ ಸ್ಟಾಫ್ ರೂಮಲ್ಲಿ ದಿನಾ ನಡೆಯುತ್ತೆ. ಮೇಡಂ, ನೀವು ಆ ಬೋರ್ಡ್‌ನಲ್ಲಿ ಕೂತ್ರೆ ಅಲ್ಲಿ ಒಂದು ನಿಯಮ ಹೆಂಗೆ ಹುಟ್ಟುತ್ತೆ, ಎಲ್ಲಿ ಸಿಕ್ಕಿಹಾಕ್ಕೊಳುತ್ತೆ ಅಂತ ನಮಗೂ ಕನ್ನಡದಲ್ಲಿ ಬರೆದು ತಿಳಿಸಿ, ನಮಗೆ ಅದು ತುಂಬಾ ಬೇಕಾಗಿದೆ.

ತುಂಗಾತೀರ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ಇವತ್ತು ಚೇರ್ ಹತ್ರ ಕೂತೆ. ಅಡ್ಮಿಷನ್ ಕಮಿಟಿಯಿಂದ ನನ್ನ ಬಿಡಿಸ್ತೀನಿ ಅಂದ್ರು, ಕೋರ್ಸ್ ಕಮ್ಮಿ ಮಾಡೋಕೆ ಆಗಲ್ಲ ಅಂದ್ರು, ಒಂದು ಟ್ರಿಪ್ ಖರ್ಚು ಕೊಡ್ತಾರಂತೆ. ಇಮೇಲಲ್ಲಿ ಹಾಕಿ ಅಂದೆ, ಸಂಜೆ ಬಂತು. ಕಾಫಿಪುಡಿ ಅವ್ರೇ, ನೀವು ಹೇಳದೇ ಇದ್ದಿದ್ರೆ ನಾನು ಬರೀ ನಗುನಗ್ತಾ ಎದ್ದು ಬರ್ತಿದ್ದೆ. ಬೈಲಾಸ್ ಓದಿ ಅವಧಿ ನೋಡ್ಕೊಂಡೆ, ಅರ್ಧ ನಿಂತಿರೋ ಪೇಪರಲ್ಲಿ ಒಂದನ್ನ ಜೂನ್ ಒಳಗೆ ಕಳಿಸ್ಲೇಬೇಕು ಅಂತ ಮನೆಯವರ ಜೊತೆ ಕೂತು ಕ್ಯಾಲೆಂಡರ್ ಮಾಡಿದೀವಿ, ಶನಿವಾರ ಬೆಳಿಗ್ಗೆ ಮಗಳು ಅವರ ಜೊತೆ.

ಗೈಡ್‌ಗೆ ಹೂಂ ಅಂತ ಹೇಳ್ಬಿಟ್ಟೆ. ಸ್ಟೂಡೆಂಟ್‌ನ ಕೇಳಿದೆ, ಹೆಸರಿಲ್ಲದೆ ಬರೀರಿ, ಆ ತಾಯಿ ವಿಷಯ ಮಾತ್ರ ಬೇಡ, ನನ್ನ ಫಾರ್ಮ್‌ನ ಆ ಸಾಲು ಹಾಕಿ ಅಂದಳು. ಹಾಗಾಗಿ ಸ್ಟೇಟ್‌ಮೆಂಟ್ ಆ ಒಂದು ಸಾಲಿಂದ ಶುರು ಮಾಡ್ತಿದೀನಿ, ಸೈಟ್ ಸೂಪರ್‌ವೈಸರ್ ಟೇಪ್ ಕೇಳದೆ ಭಾಷೆ ಬಗ್ಗೆ ಮಾರ್ಕ್ ಹಾಕಬಾರದು ಅನ್ನೋದನ್ನ ರೀಜನ್ ಟ್ರೇನಿಂಗ್‌ನಲ್ಲಿ ಸೇರಿಸೋದು ನನ್ನ ಒಂದೇ ಕೆಲಸ ಅಂತ. ಮೇಷ್ಟ್ರೇ, ಇದನ್ನ ಮೋಷನ್ ಥರ ಬರೆದ್ರೆ ಹೆಂಗಿರುತ್ತೆ ಅಂತ ಒಂದು ಸಲ ಹೇಳ್ಕೊಡ್ತೀರಾ? ಕರಡು ನಾಳೆ ರಾತ್ರಿ ಇಲ್ಲೇ ಹಾಕ್ತೀನಿ.