ಅಮೆರಿಕದಲ್ಲಿ ಮಾಲ್ ಶುರುವಾಗಿದ್ದು ಹೇಗೆ? ಅಲ್ಲಿನ ಹಳೇ ಪೇಟೆಗಳಿಗೆ ಏನಾಯ್ತು?

ರಾಯಚೂರು ಸೀರೆ ಅಂಗಡಿ:

ಎಲ್ಲರಿಗೂ ನಮಸ್ಕಾರ. ತೀನ್ ಕಂದೀಲ್ ಹತ್ತಿರ ನಮ್ಮಪ್ಪನ ಸೀರೆ ಅಂಗಡಿ ಇದೆ, ಈಗ ನಾನೂ ಕೂರುತ್ತೇನೆ. ಊರ ಹೊರಗೆ ದೊಡ್ಡ ಮಾಲ್ ಬರುತ್ತೆ ಅಂತ ಸುದ್ದಿ ಹಬ್ಬಿದಾಗಿನಿಂದ ಪೇಟೆಯಲ್ಲಿ ಬೇರೆ ಮಾತೇ ಇಲ್ಲ. ಅಮೆರಿಕದಲ್ಲಿ ಮಾಲ್ ಬಂದು ಹಳೇ ಅಂಗಡಿಗಳೆಲ್ಲ ಬಾಗಿಲು ಹಾಕಿದವು ಅಂತ ಒಬ್ಬರು, ಅಲ್ಲಿ ಈಗ ಮಾಲ್‌ಗಳೇ ಮುಚ್ಚುತ್ತಿವೆ ಅಂತ ಇನ್ನೊಬ್ಬರು. ನನಗೆ ಶುರುವಿನ ಕಥೆ ಬೇಕು. ಮೊದಲು ಯಾರು ಕಟ್ಟಿದ್ದು? ಗಿರಾಕಿಗಳು ಪೇಟೆ ಬಿಟ್ಟು ಅಷ್ಟು ದೂರ ಯಾಕೆ ಹೋದರು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕೊಪ್ಪಳ ಮೇಷ್ಟ್ರು:

ತಮ್ಮಾ, ಇದು ಕಾರಿನ ಕಥೆ. 1923ರಲ್ಲೇ ಕಾನ್ಸಾಸ್ ಸಿಟಿಯಲ್ಲಿ ಜೆ.ಸಿ. ನಿಕೋಲ್ಸ್ ಅನ್ನುವವರು ಕಾರಿನಲ್ಲಿ ಬರುವವರನ್ನು ಗಮನದಲ್ಲಿಟ್ಟುಕೊಂಡು 'ಕಂಟ್ರಿ ಕ್ಲಬ್ ಪ್ಲಾಜಾ' ಅನ್ನುವ ಅಂಗಡಿಗಳ ಸಮುಚ್ಚಯ ತೆರೆದಿದ್ದರು. ಆದರೆ ನಿಜವಾದ ಓಟ ಶುರುವಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಸರ್ಕಾರವೇ ಗ್ಯಾರಂಟಿ ಕೊಟ್ಟ ಸಾಲದಲ್ಲಿ ಲಕ್ಷಗಟ್ಟಲೆ ಕುಟುಂಬಗಳು ಊರ ಹೊರಗೆ ಮನೆ ಮಾಡಿಕೊಂಡವು. ಹೆಚ್ಚು ಕಮ್ಮಿ ಎಲ್ಲ ಬಿಳಿಯರೇ, ಕರಿಯರಿಗೆ ಆ ಸಾಲದ ಬಾಗಿಲನ್ನೇ ಮುಚ್ಚಿದ್ದರು. ಈ ಅನ್ಯಾಯ ಬಿಟ್ಟು ಮಾಲ್ ಚರಿತ್ರೆ ಹೇಳಬಾರದು. ಹಾಗೆ ಹೊರಗೆ ಹೋದವರ ಹತ್ತಿರಕ್ಕೇ ಅಂಗಡಿಯೂ ಹೋಯಿತು. 1950ರಲ್ಲಿ ಸಿಯಾಟಲ್‌ನ ನಾರ್ತ್‌ಗೇಟ್ ಬಂತು, ಎರಡು ಸಾಲು ಅಂಗಡಿ, ನಡುವೆ ನಡೆಯುವ ದಾರಿ, ಮೇಲೆ ಸೂರಿಲ್ಲ.

ಸೂರು ಹಾಕಿ, ಒಳಗಿನ ಹವಾಮಾನವನ್ನೇ ಹಿಡಿತಕ್ಕೆ ತಂದವರು ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ವಿಯೆನ್ನಾದ ಯೆಹೂದಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಅವರ ಸೌತ್‌ಡೇಲ್ ಮಾಲ್ 1956ರ ಅಕ್ಟೋಬರ್‌ನಲ್ಲಿ ಮಿನ್ನೆಸೋಟದ ಈಡೈನಾದಲ್ಲಿ ತೆರೆಯಿತು. ಖರ್ಚು 2 ಕೋಟಿ ಡಾಲರ್, 72 ಅಂಗಡಿ, 5,200 ಕಾರಿಗೆ ಜಾಗ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ. ನಡುವೆ ದೊಡ್ಡ ಅಂಗಳ, ಗಿಡಮರ, ಹಕ್ಕಿ ಪಂಜರ, ಕೂತು ಕಾಫಿ ಕುಡಿಯಲು ಜಾಗ. ಎರಡು ಮಹಡಿ, ಆದರೆ ಪಾರ್ಕಿಂಗ್‌ನಿಂದ ಎರಡಕ್ಕೂ ನೇರ ಬಾಗಿಲು. ಹಾಗಾಗಿ ಮೇಲಿನ ಅಂಗಡಿಗೆ ಗಿರಾಕಿ ಹತ್ತಿ ಬರಲ್ಲ ಅನ್ನುವ ಚಿಂತೆಯೇ ಇಲ್ಲ. ಒಂದಕ್ಕೊಂದು ಎದುರಾಳಿಗಳಾದ ಎರಡು ದೊಡ್ಡ ಮಳಿಗೆಗಳನ್ನು ಒಂದೇ ಸೂರಿನಡಿ ಕೂರಿಸಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗುವವರು ದಾರಿಯಲ್ಲಿ ಚಿಕ್ಕ ಅಂಗಡಿಗಳನ್ನೂ ನೋಡಲೇಬೇಕು.

ಬಳ್ಳಾರಿ ಲೆಕ್ಕಪತ್ರ:

ಮೇಷ್ಟ್ರು ಹೇಳಿದ್ದಕ್ಕೆ ತೆರಿಗೆ ಲೆಕ್ಕವನ್ನೂ ಸೇರಿಸಿ, ಯಾಕಂದ್ರೆ ನನ್ನ ಪ್ರಕಾರ ಕಾರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ. ಕಟ್ಟಡದ ಸವಕಳಿಯನ್ನು, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಯನ್ನು, ನಾವು ಖರ್ಚಿಗೆ ಬರೆಯುತ್ತೇವಲ್ಲ, ಅಮೆರಿಕದಲ್ಲಿ ಅದನ್ನು ಮೊದಲು ಸುಮಾರು 40 ವರ್ಷಕ್ಕೆ ಸಮವಾಗಿ ಹಂಚಿ ಬರೆಯಬೇಕಿತ್ತು. 1954ರಲ್ಲಿ ಕಾನೂನು ಬದಲಾಯಿತು, ಮೊದಲ ವರ್ಷಗಳಲ್ಲೇ ದೊಡ್ಡ ಪಾಲು ಬರೆಯಬಹುದು ಅಂತಾಯಿತು. ಕೈಗೆ ಬಾಡಿಗೆ ಬರುತ್ತಿದ್ದರೂ ಪುಸ್ತಕದಲ್ಲಿ ನಷ್ಟ! ಆ ನಷ್ಟ ತೋರಿಸಿ ಬೇರೆ ಆದಾಯದ ಮೇಲಿನ ತೆರಿಗೆಯನ್ನೂ ಉಳಿಸಿದರು. ಈ ಅನುಕೂಲ ಪೂರ್ತಿ ಸಿಗುತ್ತಿದ್ದದ್ದು ಹೊಸ ಕಟ್ಟಡಕ್ಕೆ. ಅಂದಮೇಲೆ ಹಳೇ ಪೇಟೆಯ ಕಟ್ಟಡ ರಿಪೇರಿಗೆ ಯಾರು ದುಡ್ಡು ಹಾಕುತ್ತಾರೆ? ಊರ ಹೊರಗಿನ ಅಗ್ಗದ ಜಮೀನಿಗೆ ಸುರಿದರು. ಅದರ ಮೇಲೆ 1956ರ ಹೆದ್ದಾರಿ ಕಾನೂನು, 41,000 ಮೈಲಿ ರಸ್ತೆ. ಅಂಗಡಿಯವರ ಜಾಣತನ ಒಂದೇ ಅಲ್ಲ, ಸರ್ಕಾರ ನೀತಿ ಮಾಡಿ ಪೇಟೆಯನ್ನು ಹೊರಗೆ ತಳ್ಳಿತು. ಇದನ್ನು ಯಾರೂ ಹೇಳಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ರಾಯಚೂರು ಸೀರೆ ಅಂಗಡಿ:

ಲೆಕ್ಕದ ವಿಷಯ ಹೊಸದು, ಥ್ಯಾಂಕ್ಸ್ ಅಣ್ಣಾ. ಆದರೆ ಆ ಮಾಲ್ ಕಟ್ಟಿದವರು ಹೊರಗಿನ ಕಂಪನಿಯವರಾ? ಇಲ್ಲಿ ಎಲ್ಲರಿಗೂ ಇರುವ ಭಯ ಅದೇ.

ಕೊಪ್ಪಳ ಮೇಷ್ಟ್ರು:

ಅಲ್ಲ ತಮ್ಮಾ. ಸೌತ್‌ಡೇಲ್ ಕಟ್ಟಿಸಿದ್ದು ಡೇಟನ್ ಕಂಪನಿ, ಮಿನಿಯಾಪೊಲಿಸ್ ಪೇಟೆ ನಡುವೆಯೇ ದೊಡ್ಡ ಮಳಿಗೆ ಇದ್ದವರು. 1962ರಲ್ಲಿ ಟಾರ್ಗೆಟ್ ಅಂಗಡಿ ತೆರೆದವರೂ ಇವರೇ. ಡೆಟ್ರಾಯಿಟ್‌ನ ಹಡ್ಸನ್ ಮಳಿಗೆಯವರೂ ಹಾಗೇ, 1954ರಲ್ಲಿ ಗ್ರುಯೆನ್ ಕೈಲಿ ನಾರ್ತ್‌ಲ್ಯಾಂಡ್ ಮಾಲ್ ಕಟ್ಟಿಸಿದರು. ಪೇಟೆಯೊಳಗಿನ ಅವರ ಹಳೇ ಮಳಿಗೆ 1983ರಲ್ಲಿ ಮುಚ್ಚಿತು. ನಾರ್ತ್‌ಲ್ಯಾಂಡ್ ಕೂಡ 2015ರಲ್ಲಿ ಮುಚ್ಚಿತು. ನಿನಗೆ ಹೇಳಿದ ಇಬ್ಬರ ಮಾತೂ ಅಲ್ಲಿ ನಿಜವೇ. ಸೌತ್‌ಡೇಲ್ ಮಾತ್ರ ಇನ್ನೂ ನಡೀತಿದೆ.

ಬ್ರೂಸ್‌ಪೇಟೆ ಜೀನ್ಸ್:

ಗ್ರುಯೆನ್ ಬಗ್ಗೆ ಇನ್ನೊಂದು ಮಾತು. ಮಾಲ್ ಸುತ್ತ ಮನೆ, ಶಾಲೆ, ಆಸ್ಪತ್ರೆ, ಕೆರೆ ಎಲ್ಲ ಬರಬೇಕು, ಜನ ನಡೆದಾಡಬೇಕು ಅನ್ನೋದು ಅವರ ಆಸೆ. ಮಾಲಿಕರಿಗೆ ಬೇಕಿದ್ದದ್ದು ಅಂಗಡಿ ಮತ್ತು ಪಾರ್ಕಿಂಗ್ ಅಷ್ಟೇ. 1968ರಲ್ಲಿ ಗ್ರುಯೆನ್ ವಿಯೆನ್ನಾಕ್ಕೆ ವಾಪಸ್ ಹೋದರು, ಕೊನೆಗಾಲದಲ್ಲಿ ಮಾಲ್‌ಗಳಿಗೂ ತಮಗೂ ಸಂಬಂಧವೇ ಇಲ್ಲ ಅಂದುಬಿಟ್ಟರು. ಅವರು ಹಳೇ ಪೇಟೆಗಳಿಗೂ ಯೋಜನೆ ಹಾಕಿದ್ದರು. ಮಿಶಿಗನ್‌ನ ಕಲಮಜೂ ಊರಲ್ಲಿ 1959ರಲ್ಲಿ ಪೇಟೆ ಬೀದಿಗೆ ಗಾಡಿ ಬಿಡೋದನ್ನೇ ನಿಲ್ಲಿಸಿ, ಬೀದಿಯಲ್ಲಿ ಗಿಡ, ಬೆಂಚು ಹಾಕಿದ್ದು ಅದರ ಫಲ.

ನಮ್ಮ ಬಳ್ಳಾರಿ ಪೇಟೆಯ ಬೆಂಗಳೂರು ರಸ್ತೆಯಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತು ನೋಡಿ. ಎಳೇ ಕೂಸು ಎತ್ತಿಕೊಂಡು ಬಂದ ಹೆಣ್ಣುಮಗಳಿಗೆ ನೆರಳಿಲ್ಲ, ಕೂರಲು ಜಾಗವಿಲ್ಲ, ಶೌಚಾಲಯವಿಲ್ಲ. ಪಕ್ಕದಲ್ಲೇ ಬೈಕ್ ಹಾರ್ನ್. ಅವಳು ಮಾಲ್‌ಗೆ ಹೋದರೆ ತಪ್ಪಾ? ಸೀರೆಯಲ್ಲಿ ನಿಮ್ಮನ್ನು ಸೋಲಿಸೋದು ಕಷ್ಟ ಅಣ್ಣಾ, ಹತ್ತು ಸೀರೆ ಬಿಚ್ಚಿ ತೋರಿಸಿ, ಗುರುತಿನವರಿಗೆ ಉದ್ರಿನೂ ಕೊಡ್ತೀರಿ. ಮಾಲ್ ಗೆಲ್ಲೋದು ನೆರಳಲ್ಲಿ. ಅದನ್ನು ಪಾಲಿಕೆ ಹತ್ತಿರ ಈಗಲೇ ಕೇಳಿ.

ಬಳ್ಳಾರಿ ಲೆಕ್ಕಪತ್ರ:

ನೆರಳು ಕೇಳಿ, ಒಪ್ಪುತ್ತೇನೆ. ಆದರೆ ಗಾಡಿ ಪೂರ್ತಿ ನಿಲ್ಲಿಸಿ ಅಂತ ಕೇಳಬೇಡಿ. ಅದೇ ಕಲಮಜೂನಲ್ಲಿ 1990ರ ದಶಕದ ಕೊನೆಗೆ ಒಂದಷ್ಟು ಭಾಗಕ್ಕೆ ಮತ್ತೆ ವಾಹನ ಬಿಟ್ಟರು. ಮೊದಲು ಪೇಟೆ ಅಂಚಿನಲ್ಲಿ ಪಾರ್ಕಿಂಗ್ ಜಾಗ ಬರೆಸಿಕೊಳ್ಳಿ, ಹಬ್ಬದ ವಾರ ಬೀದಿ ಮುಚ್ಚಿ ನೋಡಿ, ಗಲ್ಲಾ ಲೆಕ್ಕ ಇಟ್ಟು ಆಮೇಲೆ ಮುಂದಿನದು.