ಬ್ಯಾಟರಿ ಟರ್ಮಿನಲ್ಲಿಗೆ ಹಿಡಿಯುವುದು ತುಕ್ಕೇ, ಕಿಲುಬೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ರಿಕ್ಷಾ, ಟ್ಯಾಕ್ಸಿ ಚಾಲಕರಿಗೆ ಮಳೆಗಾಲ ಹಿಡಿಯುವ ಮುಂಚೆ ಹಂಚಲು ಬ್ಯಾಟರಿ ಆರೈಕೆಯ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಬರಹ ನಿಂತಿದೆ. ಬಾನೆಟ್ ಎತ್ತಿದರೆ ಬ್ಯಾಟರಿಯ ಪ್ಲಸ್, ಮೈನಸ್ ಕಂಬಗಳ, ಅಂದರೆ ಟರ್ಮಿನಲ್ಲುಗಳ, ಸುತ್ತ ಬಿಳಿಯದೋ ಹಸಿರುನೀಲಿಯದೋ ಪುಡಿ ಹೆಪ್ಪುಗಟ್ಟಿರುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಇದು ಸಣ್ಣ ವಿಷಯವೆಂದು ನನಗೆ ಅನಿಸುವುದಿಲ್ಲ. ಆ ಪುಡಿ ವಯರಿನ ತುದಿಯ ಕ್ಲ್ಯಾಂಪಿಗೂ ಕಂಬಕ್ಕೂ ನಡುವೆ ಸೇರಿಕೊಂಡರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಸೆಲ್ಫ್ ಎಳೆಯುವುದಿಲ್ಲ. ಬ್ಯಾಟರಿ ಹೋಯಿತೆಂದು ಹೊಸದಕ್ಕೆ ಸಾವಿರಾರು ರೂಪಾಯಿ ಕೊಟ್ಟವರಿದ್ದಾರೆ. ಓದಿದ ಕೂಡಲೇ ಯಾವ ವಸ್ತು ಎಂದು ಗೊತ್ತಾಗುವ ಪದ ಬೇಕು.

ಗ್ಯಾರೇಜುಗಳಲ್ಲಿ ಕೇಳಿಬರುವ ಮಾತುಗಳು ಬೇರೆ ಬೇರೆ. ‘ಕಾರ್ಬನ್ ಹಿಡಿದಿದೆ’ ಎನ್ನುವವರಿದ್ದಾರೆ. ಅದರಲ್ಲಿ ಇಂಗಾಲದ ಮಸಿ ಇಲ್ಲ, ಹಾಗಾಗಿ ಅದನ್ನು ಬಿಟ್ಟೆ. ‘ಬೂಷ್ಟು ಕಟ್ಟಿದೆ’ ಎಂದರೆ ನೋಟಕ್ಕೆ ಒಪ್ಪುತ್ತದೆ, ಆದರೆ ಬೂಷ್ಟು ಜೀವವಿರುವಂಥದ್ದು. ತುಕ್ಕು ನಮಗೆ ಕಬ್ಬಿಣದ್ದು. ಕ್ಲ್ಯಾಂಪಿನ ಕಬ್ಬಿಣದ ಬೋಲ್ಟಿಗೆ ಕಂದು ತುಕ್ಕು ಹಿಡಿಯುವುದು ನಿಜವಾದರೂ ಕಂಬ ಸೀಸದ್ದು, ವಯರ್ ತಾಮ್ರದ್ದು, ಕ್ಲ್ಯಾಂಪ್ ಹಲವು ಸಲ ಹಿತ್ತಾಳೆಯದ್ದು.

‘ಉಪ್ಪು ಬಂದಿದೆ’ ಎಂಬ ಮಾತು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೇ ಸರಿ. ಬ್ಯಾಟರಿ ಚಾರ್ಜ್ ಆಗುವಾಗ ಅನಿಲ ಏಳುತ್ತದೆ, ಅದರ ಜತೆ ಗಂಧಕಾಮ್ಲದ ನವಿರಾದ ಹನಿಗಳೂ ಹೊರಬರುತ್ತವೆ. ಕಂಬದ ಬುಡದ ಸೀಲ್ ಸಡಿಲವಿದ್ದರೆ ಅಲ್ಲಿಂದಲೂ ಆಮ್ಲ ಜಿನುಗುತ್ತದೆ. ಆಮ್ಲ ಸೀಸಕ್ಕೆ ತಾಗಿ ಬಿಳಿಯ ಸೀಸದ ಸಲ್ಫೇಟ್, ತಾಮ್ರಕ್ಕೆ ತಾಗಿ ನೀಲಿಯ ತಾಮ್ರದ ಸಲ್ಫೇಟ್. ಎರಡೂ ಲವಣಗಳೇ. ಆದರೆ ಮಲ್ಪೆಯಲ್ಲೋ ಉಳ್ಳಾಲದಲ್ಲೋ ‘ಉಪ್ಪು’ ಎಂದು ಅಚ್ಚು ಹಾಕಿದರೆ ಓದುಗರ ಮನಸ್ಸು ನೇರ ಕಡಲಿಗೆ ಹೋಗುತ್ತದೆ. ಉಪ್ಪುಗಾಳಿ ಲೋಹ ಕೆಡುವುದನ್ನು ಚುರುಕು ಮಾಡುವುದು ಹೌದು. ಆದರೂ ಈ ಪುಡಿಯ ಹುಟ್ಟು ಬ್ಯಾಟರಿಯ ಒಳಗಿನ ಆಮ್ಲದಲ್ಲಿದೆ. ಘಟ್ಟದ ಮೇಲಿನ ಕಾರುಗಳಿಗೂ ಇದು ಬರುತ್ತದೆ. ಕಡಲಿನಿಂದ ದೂರ ಇರುವವರು ‘ನಮಗೆ ಇದರ ತಾಪತ್ರಯ ಇಲ್ಲ’ ಎಂದುಕೊಳ್ಳಬಾರದು.

ಲೋಹ ಹೀಗೆ ಕೆಡುವುದಕ್ಕೆ ವಿಜ್ಞಾನ ಬರಹಗಳಲ್ಲಿ ಸಿಗುವ ‘ಸಂಕ್ಷಾರಣ’ ನನಗೆ ಒಪ್ಪಿಗೆಯಿಲ್ಲ. ಶಾಲೆಯಲ್ಲಿ ಆಮ್ಲ, ಕ್ಷಾರ ಎಂದು ಎದುರುಬದುರು ಕಲಿತವರಿಗೆ ಆ ಪದದೊಳಗೆ ಕ್ಷಾರ ಕೇಳಿಸುತ್ತದೆ. ಇಲ್ಲಿ ಕೆಡಿಸುವುದು ಆಮ್ಲ, ಅದನ್ನು ಹೋಗಲಾಡಿಸುವುದೇ ಕ್ಷಾರ. ಅರ್ಥ ಪೂರ್ತಿ ತಿರುಗಿಹೋಗುತ್ತದೆ.

ಹೀಗಾಗಿ ನಾನು ‘ಕಿಲುಬು’ ಎಂಬಲ್ಲಿಗೆ ಬಂದಿದ್ದೇನೆ. ತಾಮ್ರ, ಹಿತ್ತಾಳೆಗಳ ಮೇಲೆ ಏಳುವ ಹಸಿರಿಗೆ ನಮ್ಮಲ್ಲಿ ಇದೇ ಮಾತು. ತಮಿಳಿನ ಕಳಿಂಬು, ತೆಲುಗಿನ ಚಿಲುಮು ಇದರ ನೆಂಟರು. ಕಿವಿ ತೆಲುಗಿನಲ್ಲಿ ಚೆವಿ ಆದ ಹಾಗೆಯೇ ಮೊದಲ ಕಕಾರ ಚಕಾರವಾಗಿದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬುತ್ತದೆ ಎಂದು ಮನೆಯ ಹಿರಿಯರು ಎಚ್ಚರಿಸುತ್ತಿದ್ದರು. ಅಂದರೆ ಹುಳಿ ತಾಗಿ ತಾಮ್ರ ಕೆಡುವ ಸಂಗತಿ ಈ ಪದದ ಬಳಕೆಯಲ್ಲಿ ಮೊದಲಿನಿಂದಲೂ ಇದೆ. ಬ್ಯಾಟರಿಯ ಹತ್ತಿರ ನಡೆಯುವುದೂ ಅದೇ, ಹುಳಿ ಮಾತ್ರ ಬಹಳ ಖಾರದ್ದು. ಪುತ್ತೂರು, ಕಾರ್ಕಳ ಕಡೆಯ ಅಡಿಕೆ ತೋಟದವರಿಗಂತೂ ಆ ನೀಲಿಯ ಗುರುತು ಹೇಳಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಹಾಕುವ ಮೈಲುತುತ್ತು ತಾಮ್ರದ ಸಲ್ಫೇಟೇ. ಅದರ ಹುಳಿ ಮುರಿಯಲು ಸುಣ್ಣ ಸೇರಿಸುವವರಿಗೆ ಟರ್ಮಿನಲ್ ತೊಳೆಯಲು ಅಡುಗೆ ಸೋಡಾ ಯಾಕೆ ಎಂಬುದೂ ಬೇಗ ಹೊಳೆಯುತ್ತದೆ.

ನನ್ನ ನಿಜವಾದ ಅಳುಕು ಇರುವುದು ಇಲ್ಲಿ. ಕಿಲುಬು ಎಂದ ಕೂಡಲೇ ನಮ್ಮ ಕೈ ಹುಣಸೆಹುಳಿಗೋ ಬಿಂಬುಳಿಗೋ ಹೋಗುತ್ತದೆ. ಕಾಲುದೀಪ, ತಾಮ್ರದ ಹಂಡೆ ಬೆಳಗುವುದು ಹಾಗೆಯೇ. ಆಮ್ಲದಿಂದ ಕೆಟ್ಟ ಟರ್ಮಿನಲ್ಲಿಗೆ ಇನ್ನಷ್ಟು ಹುಳಿ ಉಜ್ಜಿದರೆ ಅಲ್ಲಿ ಉಳಿದಿರುವ ಆಮ್ಲ ಹೋಗುವುದಿಲ್ಲ. ಅದಕ್ಕಾಗಿ ಕರಪತ್ರದಲ್ಲಿ ಹೀಗೆ ಬರೆದಿದ್ದೇನೆ:

“ಎಂಜಿನ್ ನಿಲ್ಲಿಸಿ ಕೀ ತೆಗೆಯಿರಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಅಡುಗೆ ಸೋಡಾ ಕದಡಿದ ನೀರು ಒಳಗೆ ಇಳಿಯಬಾರದು. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಕಿಲುಬಿನ ಮೇಲೆ ಹಾಕಿ. ಹುಳಿ ಹಾಕಬೇಡಿ. ನೊರೆ ನಿಂತ ಮೇಲೆ ಬ್ರಶ್ಶಿನಿಂದ ಉಜ್ಜಿ, ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಜೋಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಪುಡಿಯನ್ನು ಬಾಯಿಯಿಂದ ಊದಬೇಡಿ, ಅದರಲ್ಲಿ ಸೀಸದ ವಿಷ ಇದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.”

ಮೈನಸ್ ಮೊದಲು ಯಾಕೆಂದರೆ ಅದು ಗಾಡಿಯ ಬಾಡಿಯ ಲೋಹಕ್ಕೆ ಸೇರಿರುತ್ತದೆ. ಅದನ್ನು ಬಿಡಿಸದೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಯ ಲೋಹಕ್ಕೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಹತ್ತಿರದಲ್ಲೇ ಬ್ಯಾಟರಿಯಿಂದ ಎದ್ದ, ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಇರಬಹುದು. ಈ ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ. ಧನಾಗ್ರ, ಋಣಾಗ್ರ ಎಂದು ಬರೆಯುವುದಿಲ್ಲ. ಪ್ಲಸ್, ಮೈನಸ್ ಎಂಬಲ್ಲಿ ಯಾರಿಗೂ ಗೊಂದಲವಿಲ್ಲ.

ಲೋಹ ಸವೆಯುತ್ತ ಹೋಗುವ ಕ್ರಿಯೆಗೆ ‘ಕೊರೆತ’ ಸಾಕೆಂದು ತೋರುತ್ತದೆ. ಕಡಲ್ಕೊರೆತ ಕಂಡ ಊರಿನವರಿಗೆ ಆ ಪದದ ಬಲ ಗೊತ್ತು. ಬ್ಯಾಟರಿಯ ಒಳಗಿನ ತಟ್ಟೆಗಳಿಗೆ ಸಲ್ಫೇಟ್ ಕೂರುವುದು ಬೇರೆಯೇ ತೊಂದರೆ, ಅದು ಸೋಡಾ ನೀರಿಗೆ ಹೋಗುವಂಥದ್ದಲ್ಲ. ಅದಕ್ಕೆ ಕಿಲುಬು ಎನ್ನದಿರುವುದೇ ಒಳ್ಳೆಯದು.

ನಿಮ್ಮಲ್ಲಿ ಕೇಳಬೇಕಾದದ್ದು ಎರಡು. ಬರೀ ಬಿಳಿಯಾಗಿರುವ ಸೀಸದ ಪುಡಿಯನ್ನೂ ಕಿಲುಬು ಎಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಅಥವಾ ‘ಬಿಳಿ ಕಿಲುಬು’ ಎಂದು ಬಿಡಿಸಿ ಹೇಳಬೇಕೇ? ಇನ್ನೊಂದು, ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಬೋಟಿನ ಬ್ಯಾಟರಿ ನೋಡಿಕೊಳ್ಳುವವರು ಇದನ್ನು ತುಳು, ಕೊಂಕಣಿ, ಬ್ಯಾರಿ ಮಾತುಗಳಲ್ಲಿ ಏನೆಂದು ಕರೆಯುತ್ತಾರೆ? ಅವರ ನಡುವೆ ಇದ್ದು ಕೇಳಿದವರು ಯಾವ ವಾಕ್ಯದಲ್ಲಿ ಕೇಳಿದಿರೋ ಆ ವಾಕ್ಯವನ್ನೇ ಬರೆಯಿರಿ. ಕ್ರಿಯಾಪದವೂ ಬೇಕು: ಹಿಡಿಯುತ್ತದೆಯೋ, ಏಳುತ್ತದೆಯೋ, ಕಟ್ಟುತ್ತದೆಯೋ.